ಹೊಡೆಯದೆ ಇಳಿಸುವ ವಿದ್ಯೆ

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ರಾಗಿಕಾಳಿಗಿಂತ ಸಣ್ಣದು. ಶೂಟರ್ ನಿಂತಲ್ಲಿಂದ ಅದು ಕಾಣುವುದೇ ಇಲ್ಲ. ಕಾಣುವುದು ಮೂರು ಸೆಂಟಿಮೀಟರ್ ಅಗಲದ ಕಪ್ಪು ವೃತ್ತ ಮಾತ್ರ. ಹಿಂದಿನ ಪೀಪ್ ಸೈಟಿನ ಸಣ್ಣ ತೂತಿನಲ್ಲಿ ಕಣ್ಣಿಟ್ಟು, ನಳಿಗೆಯ ತುದಿಯ ಉಂಗುರದ ನಡುವೆ ಆ ಕಪ್ಪನ್ನು ಕೂರಿಸಬೇಕು. ಪೆಲೆಟ್‌ನ ಅಗಲ 4.5 ಮಿ.ಮೀ. ಅದರ ನಡುಬಿಂದು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಹತ್ತು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರಿಗೂ 0.1 ಹೆಚ್ಚು, 10.9ಕ್ಕಿಂತ ಮೇಲಿಲ್ಲ. ಅರ್ಹತಾ ಸುತ್ತಿನಲ್ಲಿ 75 ನಿಮಿಷ, 60 ಹೊಡೆತ.

ಕಲಿಯಲು ಬಂದವರಿಗೆ ಮೊದಲು ಹೇಳಿಕೊಡುವುದು ಹೊಡೆಯುವುದನ್ನಲ್ಲ, ನಿಲ್ಲುವುದನ್ನು. ರೈಫಲ್ 5.5 ಕೆ.ಜಿ.ವರೆಗೆ ತೂಗಬಹುದು. ಅದನ್ನು ತೋಳಿನ ಬಲದಿಂದ ಎತ್ತಿ ಹಿಡಿದರೆ ಹತ್ತನೇ ಹೊಡೆತಕ್ಕೇ ಕೈ ನಡುಗುತ್ತದೆ. ಆದ್ದರಿಂದ ಭಾರವನ್ನು ಮೂಳೆಗಳ ಮೇಲೆ ಇಳಿಸಬೇಕು. ಬಲಗೈಯವರು ಗುರಿಗೆ ಎಡಮಗ್ಗುಲಾಗಿ ನಿಂತು, ಬೆನ್ನನ್ನು ತುಸು ಹಿಂದಕ್ಕೆ ಬಾಗಿಸಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರುತ್ತಾರೆ. ದಪ್ಪ ಕ್ಯಾನ್ವಾಸ್ ಜಾಕೆಟ್ ಬೆನ್ನಿಗೆ ಆಸರೆ. ಅದು ಎಷ್ಟು ದಪ್ಪವಿರಬೇಕು, ಎಷ್ಟು ಬಿರುಸಾಗಿರಬೇಕು ಎಂಬುದಕ್ಕೂ ನಿಯಮವಿದ್ದು, ಸ್ಪರ್ಧೆಗೆ ಮುನ್ನ ಅಳೆದು ನೋಡುತ್ತಾರೆ.

ನಿಂತಾದ ಮೇಲೆ ಒಂದು ಪರೀಕ್ಷೆ. ಗುರಿಗೆ ಹಿಡಿದು ಕಣ್ಣು ಮುಚ್ಚಿ, ಒಂದೆರಡು ಸಲ ಉಸಿರಾಡಿ, ಮತ್ತೆ ಕಣ್ಣು ತೆರೆಯಬೇಕು. ಉಂಗುರ ಕಪ್ಪಿನಿಂದ ಎಡಕ್ಕೋ ಬಲಕ್ಕೋ ಸರಿದಿದ್ದರೆ ಕೈಯಿಂದ ಎಳೆದು ತರುವಂತಿಲ್ಲ. ಪಾದವನ್ನು ಕೂದಲೆಳೆಯಷ್ಟು ಸರಿಸಬೇಕು. ಎಳೆದು ತಂದ ಸ್ನಾಯು ಟ್ರಿಗರ್ ಬಿಡುಗಡೆಯಾಗುವ ಗಳಿಗೆಯಲ್ಲಿ ತನ್ನ ಜಾಗಕ್ಕೆ ಹಿಂದಿರುಗುತ್ತದೆ, ಪೆಲೆಟ್ಟೂ ಅದರ ಜೊತೆ ಹೋಗುತ್ತದೆ. ವರ್ಷಗಟ್ಟಲೆ ಸೈಟ್ ತಿರುಗಿಸುತ್ತಾ ಕೂತು, ತಮ್ಮ ಪಾದಗಳನ್ನು ಮಾತ್ರ ಗಮನಿಸದ ಶೂಟರ್‌ಗಳಿದ್ದಾರೆ.

ಅಭ್ಯಾಸದ ದೊಡ್ಡ ಪಾಲು ಪೆಲೆಟ್ ಇಲ್ಲದೆಯೇ ನಡೆಯುತ್ತದೆ. ಡ್ರೈ ಫೈರಿಂಗ್ ಎನ್ನುವ ಇದರಲ್ಲಿ ನಿಲುವು, ಉಸಿರು, ಟ್ರಿಗರ್ ಎಲ್ಲವೂ ಇರುತ್ತದೆ, ಅಂಕ ಮಾತ್ರ ಇರುವುದಿಲ್ಲ. ಅಂಕದ ಆಸೆ ಇಲ್ಲದಿರುವುದರಿಂದಲೇ ಅಲ್ಲಿ ದೋಷ ಕಾಣುತ್ತದೆ: ಟ್ರಿಗರ್ ಒತ್ತುವಾಗ ಭುಜ ಬಿಗಿಯುವುದು, ಕಣ್ಣು ಮಿಟುಕುವುದು, ಮುಗಿಯುವ ಮೊದಲೇ ತಲೆ ಎತ್ತುವುದು. ಪೆಲೆಟ್ ನಳಿಗೆ ದಾಟಿದ ಮೇಲೂ ಕ್ಷಣಹೊತ್ತು ಹಾಗೆಯೇ ನಿಂತು, ಎಲ್ಲಿಗೆ ಹೋಗಿರಬಹುದೆಂದು ಮೊದಲು ತಾನೇ ಹೇಳಿಕೊಂಡು, ಆಮೇಲೆ ಮಾನಿಟರ್ ನೋಡುವವರು ಬೇಗ ಸುಧಾರಿಸುತ್ತಾರೆ. ಹೊಸಬರು ಒಂದೊಂದು ಹೊಡೆತಕ್ಕೂ ಸೈಟಿನ ಕ್ಲಿಕ್ ತಿರುಗಿಸುತ್ತಾರೆ. ಮೊದಲು ಪೆಲೆಟ್‌ಗಳು ಒಂದೇ ಕಡೆ ಗುಂಪಾಗಿ ಬೀಳಲಿ; ಆ ಗುಂಪನ್ನು ನಡುವಿಗೆ ತರಲು ನಾಲ್ಕು ಕ್ಲಿಕ್ ಸಾಕು.

ಇಷ್ಟೆಲ್ಲ ಕಲಿತವರಿಗೂ ಕಷ್ಟವೆನಿಸುವುದು ಟ್ರಿಗರ್ ಒತ್ತದೆ ರೈಫಲ್ ಇಳಿಸುವುದು. ಉಸಿರು ಅರ್ಧ ಬಿಟ್ಟು ತಡೆದ ಮೇಲೆ ಒಳ್ಳೆಯ ಸೆಕೆಂಡುಗಳು ಸಿಗುವುದು ಕೆಲವೇ. ಅದು ಮೀರಿದರೆ ಕಣ್ಣು ಮಂಜಾಗುತ್ತದೆ, ಎದೆಬಡಿತ ಉಂಗುರವನ್ನೇ ಕುಣಿಸುತ್ತದೆ. ಆದರೂ ‘ಇಷ್ಟು ಹೊತ್ತು ಹಿಡಿದಿದ್ದೇನೆ, ಹೊಡೆದುಬಿಡೋಣ’ ಎಂದು ಮನಸ್ಸು ಒತ್ತಾಯಿಸುತ್ತದೆ. ನನ್ನ ಮಟ್ಟಿಗೆ ಈ ಆಟದ ತಿರುಳು ಆ ಒತ್ತಾಯಕ್ಕೆ ಮಣಿಯದಿರುವುದರಲ್ಲಿದೆ. ಇಳಿಸಿ, ಉಸಿರು ತೆಗೆದುಕೊಂಡು, ಪಾದದಿಂದ ಮತ್ತೆ ಶುರು ಮಾಡಿದವರಿಗೆ ನಷ್ಟವೆಂದರೆ ಅರ್ಧ ನಿಮಿಷ. ಹೊಡೆದುಬಿಟ್ಟವರಿಗೆ ಅದು ಎಂಟೂವರೆಯಾಗಿ ಕೊನೆಯವರೆಗೂ ಪಟ್ಟಿಯಲ್ಲಿ ಉಳಿಯುತ್ತದೆ.

ಫೈನಲ್‌ನಲ್ಲಿ ಈ ಸ್ವಾತಂತ್ರ್ಯವೂ ಕಡಿಮೆ, ಏಕೆಂದರೆ ಪ್ರತಿ ಹೊಡೆತಕ್ಕೂ ಗಡುವಿರುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಅಭಿನವ್ ಬಿಂದ್ರಾ ಅರ್ಹತಾ ಸುತ್ತಿನಲ್ಲಿ 597 ಗಳಿಸಿ ಮೂರನೆಯವರಾಗಿದ್ದರು, ಫೈನಲ್‌ನಲ್ಲಿ ಏಳನೇ ಸ್ಥಾನಕ್ಕೆ ಜಾರಿದರು. ನಾಲ್ಕು ವರ್ಷದ ನಂತರ ಬೀಜಿಂಗ್‌ನಲ್ಲಿ ಅರ್ಹತೆಯ ಅಂಕ ಅದಕ್ಕಿಂತ ಒಂದು ಕಡಿಮೆ, 596. ಕೊನೆಯ ಹೊಡೆತ ಬಾಕಿ ಇದ್ದಾಗ ಅವರೂ ಫಿನ್ಲೆಂಡಿನ ಹೆನ್ರಿ ಹಾಕಿನೆನ್ ಅವರೂ ಒಟ್ಟು 689.7ರಲ್ಲಿ ಸಮ. ಬಿಂದ್ರಾ 10.8 ಹೊಡೆದರು, ಹಾಕಿನೆನ್ 9.7. ಭಾರತಕ್ಕೆ ವೈಯಕ್ತಿಕ ವಿಭಾಗದ ಮೊದಲ ಒಲಿಂಪಿಕ್ ಚಿನ್ನ ಬಂತು. ಹಾಕಿನೆನ್ ಮೂರನೇ ಸ್ಥಾನಕ್ಕಿಳಿದರು. ಗುರಿಯ ನಡುವಿನಿಂದ ಆ ಎರಡು ಪೆಲೆಟ್‌ಗಳು ಬಿದ್ದ ದೂರದಲ್ಲಿ ಮೂರು ಮಿಲಿಮೀಟರಿನಷ್ಟೂ ವ್ಯತ್ಯಾಸವಿರಲಿಲ್ಲ.

ಗುರಿಯ ಗೀಳು ನಮ್ಮ ನಾಡಿಗೆ ಹೊಸದಲ್ಲ. ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕೊಡಗಿನ ಊರೂರಿನಲ್ಲಿ ಎತ್ತರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಕೋವಿಯನ್ನು ಪೂಜಿಸುವ ಆ ನೆಲದ ಕೌಶಲ ದೊಡ್ಡದು, ಆದರೆ ಲೆಕ್ಕ ಬೇರೆ: ಅಲ್ಲಿ ಕಾಯಿ ಒಡೆದರೆ ಗೆಲುವು, ಇಲ್ಲಿ ಒಂದೇ ಕೆಲಸವನ್ನು ಅರವತ್ತು ಸಲ ಒಂದೇ ರೀತಿ ಮಾಡಬೇಕು. ಆ ಶಿಸ್ತನ್ನು ಬೆಂಗಳೂರಿನ ತಿಲೋತ್ತಮಾ ಸೇನ್ ಎಳೆಯ ವಯಸ್ಸಿನಲ್ಲೇ ರೂಢಿಸಿಕೊಂಡರು. 2023ರಲ್ಲಿ ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ಅವರಿಗೆ 14 ವರ್ಷ. ಅದೇ ವರ್ಷ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು ಭಾರತಕ್ಕೆ ಪ್ಯಾರಿಸ್ ಒಲಿಂಪಿಕ್ಸ್‌ನ ಕೋಟಾ ಸ್ಥಾನ ತಂದರು. ಕೋಟಾ ದೇಶದ್ದು, ಗೆದ್ದವರದ್ದಲ್ಲ. ಆಯ್ಕೆ ಟ್ರಯಲ್ಸ್ ನಂತರ ಪ್ಯಾರಿಸ್‌ಗೆ ಹೋದವರು ರಮಿತಾ ಜಿಂದಾಲ್ ಮತ್ತು ಇಳವೇನಿಲ್ ವಾಲರಿವನ್. ಈ ವಿಭಾಗದಲ್ಲಿ ಭಾರತದೊಳಗಿನ ಪೈಪೋಟಿ ಅಷ್ಟು ಬಿಗಿಯಾಗಿದೆ.

ಮಕ್ಕಳನ್ನು ಸೇರಿಸಬೇಕೆಂದಿರುವ ಪೋಷಕರು ರೈಫಲ್ ಬೆಲೆ ಕೇಳಿ ಹೆದರುತ್ತಾರೆ. ಆಮದು ರೈಫಲ್‌ಗೆ ಲಕ್ಷಗಳಾಗುತ್ತವೆ ನಿಜ. ಆದರೆ ಕ್ಲಬ್ಬಿನ ರೈಫಲ್ ಸಿಗುವಾಗ ಮೊದಲ ವರ್ಷವೇ ಸ್ವಂತದ್ದು ಬೇಡ. ಹಣ ಹಾಕುವುದಾದರೆ ಮೊದಲು ಮೈಗೆ ಸರಿಹೊಂದುವ ಜಾಕೆಟ್ ಮತ್ತು ಬೂಟಿಗೆ ಹಾಕಿ. ಸಡಿಲ ಜಾಕೆಟ್ ತೊಟ್ಟವರಿಗೆ ಎಂಥ ರೈಫಲ್ ಕೊಟ್ಟರೂ ನಿಲುವು ಕೂರುವುದಿಲ್ಲ. ಸೇರಿಸುವ ಮುನ್ನ ಒಂದು ದಿನ ರೇಂಜಿಗೆ ಹೋಗಿ ಕೋಚ್ ಕಲಿಸುವ ರೀತಿ ನೋಡಿ. ಹೊಸ ಮಕ್ಕಳಿಗೆ ಮೊದಲ ವಾರವೇ ಡಬ್ಬಿಗಟ್ಟಲೆ ಪೆಲೆಟ್ ಕೊಟ್ಟು ಬಿಡುವ ಕಡೆಗಿಂತ, ಖಾಲಿ ರೈಫಲ್ ಹಿಡಿಸಿ ಪಾದ ತಿದ್ದುವ ಕಡೆ ಸೇರಿಸುವುದು ಒಳ್ಳೆಯದು.