ಬದನೆ ಹೂವಿಗೆ ವೈಬ್ರೇಷನ್ನೇ ಬೀಗದ ಕೈ

ಮೆಸ್ಸಲ್ಲಿ ಮತ್ತೆ ಬದನೆಕಾಯಿ ಪಲ್ಯನಾ ಅಂತ ಗೊಣಗೋರು ನಮ್ಮಲ್ಲಿ ಕಮ್ಮಿ ಇಲ್ಲ. ಆದರೆ ಆ ಕಾಯಿ ಚೆನ್ನಾಗಿ ಕಚ್ಚಬೇಕಾದರೆ ಮೊದಲು ಹೂವು ನಡುಗಬೇಕು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಸ್ವಲ್ಪ ಹೈಸ್ಕೂಲ್ ವಿಜ್ಞಾನ ನೆನಪಿಸಿಕೊಳ್ಳೋಣ. ಪರಾಗಕೋಶದಲ್ಲಿರುವ ಪರಾಗ ಶಲಾಕಾಗ್ರವನ್ನು ತಲುಪುವುದೇ ಪರಾಗಸ್ಪರ್ಶ. ಅಲ್ಲಿ ಪರಾಗ ಕಣ ಒಂದು ನಳಿಕೆ ಬೆಳೆಸಿ, ಅಂಡಾಶಯದೊಳಗಿನ ಅಂಡಕವನ್ನು ಮುಟ್ಟುತ್ತದೆ. ಒಂದು ಬೀಜಕ್ಕೆ ಒಂದು ಕಣ ಬೇಕು. ಬದನೆಯಲ್ಲಿ ನೂರಾರು ಬೀಜ ಇರುತ್ತೆ, ಹಾಗಾಗಿ ನೂರಾರು ಕಣ ಬೀಳಬೇಕು. ಸಾಲದಿದ್ದರೆ ಕಾಯಿ ಸಣ್ಣದಾಗುತ್ತೆ, ಇಲ್ಲಾ ಹೂವೇ ಉದುರುತ್ತೆ.

ದಾಸವಾಳ ಮುಟ್ಟಿದರೆ ಪರಾಗ ಕೈಗೆ ಅಂಟುತ್ತೆ. ಬದನೆ ಹಾಗಲ್ಲ. ಅದರ ಪರಾಗಕೋಶ ಮುಚ್ಚಿದ ಕೊಳವೆ, ತುದಿಯಲ್ಲಿ ಮಾತ್ರ ಸಣ್ಣ ತೂತು. ಹೋಟೆಲ್ ಟೇಬಲ್ ಮೇಲಿನ ಉಪ್ಪಿನ ಡಬ್ಬಿ ಇದ್ದ ಹಾಗೆ: ಅಲುಗಿಸಿದರಷ್ಟೇ ಪುಡಿ ಬೀಳೋದು. ಈ ಹೂವಲ್ಲಿ ಮಕರಂದ ಇಲ್ಲ, ಕೊಡೋದು ಪರಾಗ ಮಾತ್ರ. ಅದನ್ನೂ ಒಬ್ಬರಿಗೇ ಪೂರ್ತಿ ಕೊಡದೆ, ಬಂದವರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚುತ್ತೆ.

ಈ ಬೀಗ ತೆಗೆಯೋಕೆ ನಾವು ಸಾಕುವ ಜೇನ್ನೊಣಕ್ಕೆ ಬರಲ್ಲ. ಬರೋದು ಒಣಮರ ಕೊರೆದು ಗೂಡು ಮಾಡುವ ಕರೀ ದುಂಬಿಗೆ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ ಕಾಡು ಜೇನ್ನೊಣಕ್ಕೆ. ಅವು ಪರಾಗಕೋಶವನ್ನು ಅಪ್ಪಿ ಹಿಡಿದು, ರೆಕ್ಕೆ ಮಡಚಿಕೊಂಡೇ ಹಾರುವ ಸ್ನಾಯುಗಳನ್ನು ನಡುಗಿಸುತ್ತವೆ. ಕ್ಲಚ್ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ಬೈಕ್ ಮುಂದೆ ಹೋಗದೆ ನಡುಗುತ್ತಲ್ಲ, ಹಾಗೆ. ಸೆಕೆಂಡಿಗೆ ನೂರಾರು ಸಲ. ಪರಾಗ ಬುಸ್ಸಂತ ಹೊರಬಂದು ಹೊಟ್ಟೆಯ ರೋಮಕ್ಕೆ ಅಂಟುತ್ತೆ, ಶಲಾಕಾಗ್ರದ ಮೇಲೂ ಬೀಳುತ್ತೆ.

ಇದು ರೆಸೊನೆನ್ಸ್ ಅಂತ ನಾವು ತಕ್ಷಣ ಹೇಳಿಬಿಡ್ತೀವಿ. ಆದರೆ ಪರಾಗ ಎಷ್ಟು ಉದುರುತ್ತೆ ಅನ್ನೋದಕ್ಕೆ ಫ್ರೀಕ್ವೆನ್ಸಿಗಿಂತ ಆಂಪ್ಲಿಟ್ಯೂಡ್ ಮುಖ್ಯ. ಟ್ಯೂನ್ ಮಾಡೋದಕ್ಕಿಂತ ಜೋರಾಗಿ ಅಲುಗಿಸೋದೇ ಕೆಲಸಕ್ಕೆ ಬರುತ್ತೆ.

ಟೊಮೆಟೊ ಹೂವಿನ ಕಥೆಯೂ ಹೆಚ್ಚುಕಮ್ಮಿ ಇದೇ. ಬಯಲಲ್ಲಿ ಗಾಳಿಗೂ ಸ್ವಲ್ಪ ಪರಾಗ ಉದುರುತ್ತೆ. ಗಾಜಿನ ಮನೆಯೊಳಗೆ ಗಾಳಿಯೂ ಇಲ್ಲ. ಅದಕ್ಕೇ ಯುರೋಪಿನ ರೈತರು ಬ್ಯಾಟರಿ ವೈಬ್ರೇಟರ್ ಹಿಡಿದು ಗೊಂಚಲು ಗೊಂಚಲಿಗೂ ತಾಗಿಸುತ್ತಾ ಹೋಗುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಬಂಬಲ್ ಬೀಗಳನ್ನು ಸಾಕಿ ಮಾರುವ ಉದ್ಯಮ ಶುರುವಾಯಿತು, ವೈಬ್ರೇಟರ್ ಮೂಲೆ ಸೇರಿತು.

ನಮ್ಮ ದುಂಬಿಗಳು ಒಂಟಿಯಾಗಿ ಬದುಕುವಂಥವು. ಜೇನುಪೆಟ್ಟಿಗೆ ತಂದಿಟ್ಟ ಹಾಗೆ ಇವನ್ನು ತಂದಿಡೋಕಾಗಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಬದನೆ ಹೂ ಬಿಟ್ಟಾಗ ಬೆಳಗ್ಗೆಯೇ ಕೀಟನಾಶಕ ಹೊಡೆದರೆ ಕೆಲಸಕ್ಕೆ ಬಂದ ದುಂಬಿಗೇ ಹೊಡೆದ ಹಾಗೆ. ಊರಲ್ಲಿ ತೋಟ ಇದ್ದವರು ಮನೆಯಲ್ಲಿ ಹೇಳಿ: ಹೊಡೆಯಲೇಬೇಕಾದರೆ ಸಂಜೆ ಹೊಡೀರಿ, ಬೇಲಿಯ ಒಣ ಮರ, ಹಳೇ ಬಿದಿರು ಹಾಗೇ ಇರಲಿ.

ನಂಬಿಕೆ ಬರದಿದ್ದರೆ ಫಿಸಿಕ್ಸ್ ಲ್ಯಾಬಿನ ಟ್ಯೂನಿಂಗ್ ಫೋರ್ಕ್ ಬಡಿದು, ಅರಳಿದ ಬದನೆ ಹೂವಿಗೆ ತಾಗಿಸಿ. ಕೆಳಗೆ ಕಪ್ಪು ಕಾಗದ ಹಿಡಿಯೋದು ಮರೀಬೇಡಿ.