ಅಂಗಡಿ, ಹೋಂಸ್ಟೇಗೆ ‘ಆಲ್ ಇನ್ ಒನ್’ ಫೈರ್‌ವಾಲ್ ಬೇಕಾ? ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಮಡಿಕೇರಿ: ಹೋಂಸ್ಟೇ ಹಾಲ್‌ನಲ್ಲಿ ಒಂದೇ ವೈಫೈ ರೂಟರ್. ಅತಿಥಿಗಳ ಮೊಬೈಲ್, ಸಿಸಿಟಿವಿ, ಬುಕಿಂಗ್ ಕಂಪ್ಯೂಟರ್ ಎಲ್ಲವೂ ಅದಕ್ಕೇ. ಅದೇ ಕಂಪ್ಯೂಟರ್‌ನಲ್ಲಿ ಅತಿಥಿಗಳ ಆಧಾರ್ ಪ್ರತಿ, ವಿದೇಶಿಯರು ಬಂದರೆ 24 ಗಂಟೆಯೊಳಗೆ ಸಲ್ಲಿಸಬೇಕಾದ ಪಾಸ್‌ಪೋರ್ಟ್ ವಿವರ. ವೈಫೈ ಪಾಸ್‌ವರ್ಡ್ ಮಾತ್ರ ಗೋಡೆ ಮೇಲೆ!

ಇಂಥ ಕಡೆಗೆಂದೇ ಕಂಪನಿಗಳು ಈಗ ಸಣ್ಣ ಸೈಜಿನ ಭದ್ರತಾ ಪೆಟ್ಟಿಗೆಗಳನ್ನು ಮಾರುತ್ತಿವೆ. ಇದಕ್ಕೆ ‘ಯುಟಿಎಂ’ ಅಂತಾರೆ. ಫೈರ್‌ವಾಲ್, ವೈರಸ್ ತಪಾಸಣೆ, ಕೆಟ್ಟ ವೆಬ್‌ಸೈಟ್ ತಡೆ, ವಿಪಿಎನ್ ಎಲ್ಲ ಒಂದರಲ್ಲೇ. 2004ರ ಸುಮಾರಿಗೆ ಹುಟ್ಟಿದ ಹೆಸರಿದು. ಅಹಮದಾಬಾದ್‌ನ ಸೈಬರೋಮ್ ಇದರಲ್ಲೇ ಹೆಸರು ಮಾಡಿತ್ತು. 2014ರಲ್ಲಿ ಬ್ರಿಟನ್‌ನ ಸೋಫೋಸ್ ಅದನ್ನು ಕೊಂಡಿತು. ಫೋರ್ಟಿನೆಟ್, ಪುಣೆಯ ಕ್ವಿಕ್ ಹೀಲ್‌ನ ಸೆಕ್ರೈಟ್ ಕೂಡ ಮಾರುಕಟ್ಟೆಯಲ್ಲಿವೆ.

ಅಸಲಿ ಖರ್ಚು ಎಲ್ಲಿ?

ಪೆಟ್ಟಿಗೆ ಒಂದು ಸಲ ಕೊಂಡರೆ ಮುಗೀತು ಅಂದ್ಕೋಬೇಡಿ. ಹೊಸ ವೈರಸ್‌ಗಳ ಮಾಹಿತಿ ಅದಕ್ಕೆ ದಿನಾ ಬರಬೇಕಾದರೆ ಲೈಸೆನ್ಸ್ ಬೇಕು. ಅವಧಿ ಮುಗಿದ ಮೇಲೆ ನವೀಕರಿಸದಿದ್ದರೆ ಲೈಟ್ ಉರಿಯುತ್ತೆ, ಇಂಟರ್ನೆಟ್ ಬರುತ್ತೆ, ಆದರೆ ಹೊಸ ದಾಳಿ ಅದಕ್ಕೆ ಗೊತ್ತಾಗಲ್ಲ.

ಅಪ್‌ಡೇಟ್ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ 2017ರ ಮೇ ತಿಂಗಳ ‘ವನ್ನಾಕ್ರೈ’ ಸಾಕ್ಷಿ. ಸುಮಾರು 150 ದೇಶಗಳಲ್ಲಿ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಬಿತ್ತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಹಾಗಾಗಿ ಡೀಲರ್‌ಗೆ ಮೂರು ಪ್ರಶ್ನೆ ಕೇಳಿ. ಎರಡನೇ ವರ್ಷದ ಲೈಸೆನ್ಸ್‌ಗೆ ಎಷ್ಟು? ಎಲ್ಲ ತಪಾಸಣೆ ಆನ್ ಮಾಡಿದರೆ ಇಂಟರ್ನೆಟ್ ವೇಗ ಎಷ್ಟಕ್ಕೆ ಇಳಿಯುತ್ತೆ? ಮಳೆಗಾಲದಲ್ಲಿ ಪೆಟ್ಟಿಗೆ ಕೆಟ್ಟರೆ ಬದಲಿ ಎಷ್ಟು ದಿನಕ್ಕೆ ಬರುತ್ತೆ? ಎಲ್ಲವೂ ಒಂದರಲ್ಲೇ ಇದ್ದರೆ, ಅದು ಕೆಟ್ಟ ದಿನ ಬಿಲ್ಲಿಂಗೂ ನಿಲ್ಲುತ್ತೆ. ಯುಪಿಎಸ್ ಇಲ್ಲದೆ ಹಾಕಿಸಲೇಬೇಡಿ.

ಎಲ್ಲರಿಗೂ ಬೇಕಾ?

ಒಂದು ಕಂಪ್ಯೂಟರ್, ಒಂದು ಕ್ಯೂಆರ್ ಕೋಡ್ ಇರುವ ಅಂಗಡಿಗೆ ಸದ್ಯ ಬೇಡ. ರೂಟರ್‌ನಲ್ಲೇ ‘ಗೆಸ್ಟ್ ವೈಫೈ’ ಆಯ್ಕೆ ಇದ್ದರೆ ಆನ್ ಮಾಡಿ; ಗಿರಾಕಿಗಳ ಮೊಬೈಲ್ ಬೇರೆ, ಬಿಲ್ಲಿಂಗ್ ಬೇರೆ ಆಗುತ್ತೆ. ರೂಟರ್, ಸಿಸಿಟಿವಿಗೆ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸಿ. ಲೆಕ್ಕದ ಕಡತಗಳನ್ನು ವಾರಕ್ಕೊಮ್ಮೆ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ, ವೈರ್ ಕಿತ್ತಿಡಿ.

ಹತ್ತಾರು ಕಂಪ್ಯೂಟರ್ ಇರುವ ರೆಸಾರ್ಟ್, ಸಹಕಾರ ಸಂಘ, ಖಾಸಗಿ ಆಸ್ಪತ್ರೆಗಳು ಮಾತ್ರ ಯೋಚಿಸಲೇಬೇಕು. ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಇಟ್ಟುಕೊಂಡವರ ಮೇಲೇ ಹಾಕಿದೆ. ಗರಿಷ್ಠ ದಂಡ 250 ಕೋಟಿ ರೂಪಾಯಿ.

ಇನ್ನೊಂದು ಮಾತು: ಫೋನ್ ಮಾಡಿ ಓಟಿಪಿ ಕೇಳುವವರನ್ನು, ನಕಲಿ ಯುಪಿಐ ಸ್ಕ್ರೀನ್‌ಶಾಟ್ ತೋರಿಸುವವರನ್ನು ಯಾವ ಪೆಟ್ಟಿಗೆಯೂ ತಡೆಯಲ್ಲ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ, ಹಣ ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು.