ಸುಳ್ಳು ಹೇಳದ ತೋಟೆ

ಎನ್‌ಸಿಸಿ ಶಿಬಿರಕ್ಕೆ ಹೋಗಿಬಂದವರಿಗೆ ‘ಪಾಯಿಂಟ್ ಟೂ ಟೂ’ ರೈಫಲ್ಲಿನ ಪರಿಚಯ ಇದ್ದೇ ಇರುತ್ತದೆ. ಬೋರಲು ಮಲಗಿ, ಮೊಣಕೈ ಊರಿ, ಉಸಿರು ಬಿಗಿಹಿಡಿದು ಐದು ಈಡು ಹೊಡೆದು, ಆಮೇಲೆ ಗುರಿಹಾಳೆಯ ಮುಂದೆ ನಿಂತು ತೂತುಗಳನ್ನು ನೋಡಿದ ನೆನಪು ಅಷ್ಟು ಸುಲಭಕ್ಕೆ ಮಾಸುವಂಥದಲ್ಲ. ನಾಲ್ಕು ತೂತು ಒತ್ತಟ್ಟಿಗೆ ಕೂತು, ಐದನೆಯದು ಎಲ್ಲೋ ದೂರ ಬಿದ್ದಿದೆ ಎನ್ನೋಣ. ತಪ್ಪು ಯಾರದು? ಕೈ ಅದುರಿತೆ, ತೋಟೆಯಲ್ಲೇ ಐಬಿತ್ತೆ?

ಈ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಎಷ್ಟು ಸಾವಿರ ಈಡು ಹೊಡೆದರೂ ಕಲಿಕೆ ಮುಂದಕ್ಕೆ ಹೋಗುವುದಿಲ್ಲ. ಅಭ್ಯಾಸದ ತೋಟೆ ಚಿನ್ನದ ಪದಕ ತರುವಷ್ಟು ಶ್ರೇಷ್ಠವಾಗಿರಬೇಕಿಲ್ಲ. ತನ್ನ ತಪ್ಪನ್ನು ಹೊಡೆಯುವವರ ತಲೆಗೆ ಕಟ್ಟದಷ್ಟು ಪ್ರಾಮಾಣಿಕವಾಗಿದ್ದರೆ ಸಾಕು. ಅಂಥದನ್ನು ಕೈಗೆಟಕುವ ಬೆಲೆಯಲ್ಲಿ ಆರಿಸಿಕೊಳ್ಳುವುದು ಹೇಗೆಂಬುದೇ ಈ ಅಧ್ಯಾಯದ ವಿಷಯ.

ಖರ್ಚಿನ ಲೆಕ್ಕ

2024ರ ಆಗಸ್ಟ್ 1ರಂದು, ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ, ಇದೇ ಪಾಯಿಂಟ್ ಟೂ ಟೂ ತೋಟೆ ಹೊಡೆದು, ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು. ಈ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಗೆದ್ದವರು ನಮ್ಮ ಬೆಳಗಾವಿಯ ಮಗ್ಗುಲಿನ ಕೊಲ್ಹಾಪುರ ಜಿಲ್ಲೆಯವರು. ಮಂಡಿಯೂರಿ, ಮಲಗಿ, ನಿಂತು ತಲಾ 20ರಂತೆ ಅರ್ಹತಾ ಸುತ್ತಿನಲ್ಲಿ 60 ಈಡು ಹೊಡೆಯಬೇಕು. ಗುರಿ ಹೊಂದಿಸಿಕೊಳ್ಳುವ ಈಡುಗಳೂ ಸೇರಿದರೆ ಒಂದು ದಿನದ ಅಭ್ಯಾಸಕ್ಕೆ 80 ತೋಟೆ ಹಿಡಿಯುತ್ತದೆ ಎಂದುಕೊಳ್ಳಿ. ವಾರಕ್ಕೆ ನಾಲ್ಕು ದಿನದಂತೆ ವರ್ಷಕ್ಕೆ 50 ವಾರವಾದರೆ 16,000 ತೋಟೆ! ತೋಟೆಗೆ ಒಂದೊಂದೇ ರೂಪಾಯಿ ಉಳಿದರೂ ವರ್ಷಕ್ಕೆ ಹದಿನಾರು ಸಾವಿರ ಉಳಿಯಿತು. ಸಾಮಾನ್ಯ ಮನೆಯಿಂದ ಬಂದ ಹುಡುಗ ಹುಡುಗಿಯರು ಈ ಆಟದಲ್ಲಿ ಉಳಿಯುವುದೂ ಬಿಡುವುದೂ ಎಷ್ಟೋ ಸಲ ಈ ಲೆಕ್ಕದ ಮೇಲೆ ನಿಂತಿರುತ್ತದೆ.

ಅಂಚಿನಲ್ಲಿ ಅಡಗಿದ ಕಿಡಿ

ಇಂದು ನಾವು ಬಳಸುವ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟೆ ಹುಟ್ಟಿದ್ದು 1887ರಲ್ಲಿ, ಅಮೆರಿಕದಲ್ಲಿ. ಗುಂಡಿನ ಅಡ್ಡಗಲ 5.6 ಮಿ.ಮೀ.; ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಂ. ದೊಡ್ಡ ತೋಟೆಗಳ ಬುಡದ ನಡುವೆ ಪ್ರತ್ಯೇಕ ಕೇಪು ಇರುತ್ತದೆ. ಇದರಲ್ಲಿ ಹಾಗಿಲ್ಲ. ಕಿಡಿ ಹೊತ್ತಿಸುವ ರಾಸಾಯನಿಕವನ್ನು ಹಿತ್ತಾಳೆ ಕೊಳವೆಯ ಬುಡದ ಮಡಿಕೆಯಂಚಿನೊಳಗೇ ತುಂಬಿರುತ್ತಾರೆ. ರೈಫಲ್ಲಿನ ಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹೊತ್ತಿ, ಮದ್ದು ಉರಿಯುತ್ತದೆ. ‘ರಿಮ್‌ಫೈರ್’ ಎಂಬ ಹೆಸರು ಬಂದದ್ದು ಇದರಿಂದಲೇ.

ಒಮ್ಮೆ ಜಜ್ಜಿದ ಅಂಚನ್ನು ಮತ್ತೆ ತುಂಬಲಾಗದು. ದೊಡ್ಡ ರೈಫಲ್ಲಿನವರು ಹಲವು ದೇಶಗಳಲ್ಲಿ ಖಾಲಿ ಕೊಳವೆಗೆ ತಾವೇ ಮದ್ದು ಅಳೆದು ತುಂಬಿಕೊಳ್ಳುತ್ತಾರೆ. ರಿಮ್‌ಫೈರ್‌ನವರಿಗೆ ಕಾರ್ಖಾನೆ ಕೊಟ್ಟದ್ದೇ ಗತಿ. ತಯಾರಿಸುವ ಕೌಶಲ ನಮ್ಮ ಕೈಯಲ್ಲಿಲ್ಲದ ಮೇಲೆ, ಆರಿಸುವ ಕೌಶಲವನ್ನಾದರೂ ಬೆಳೆಸಿಕೊಳ್ಳಬೇಕು.

ಎಂಟು ಮಿಲಿಮೀಟರಿನ ಅಂತರ

ಅಂಚಿನೊಳಗಿನ ರಾಸಾಯನಿಕ ಒಂದರಲ್ಲಿ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ ಆದರೆ ಗುಂಡಿನ ವೇಗ ಬದಲಾಗುತ್ತದೆ. ಸೆಕೆಂಡಿಗೆ 325 ಮೀಟರ್ ವೇಗದಲ್ಲಿ ಹೊರಟ ಗುಂಡು 50 ಮೀಟರ್ ಮುಟ್ಟಲು ಸುಮಾರು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 12.5 ಸೆಂ.ಮೀ.ನಷ್ಟು ಕೆಳಗಿಳಿದಿರುತ್ತದೆ. ಮುಂದಿನ ಗುಂಡು 315 ಮೀಟರ್ ವೇಗದಲ್ಲಿ ಹೊರಟರೆ ಇನ್ನೂ 8 ಮಿ.ಮೀ. ಕೆಳಗೆ ಬೀಳುತ್ತದೆ. ಅಂತರರಾಷ್ಟ್ರೀಯ ಗುರಿಹಾಳೆಯಲ್ಲಿ ಹತ್ತರ ವೃತ್ತಕ್ಕೂ ಒಂಬತ್ತರ ವೃತ್ತಕ್ಕೂ ಇರುವ ಅಂತರ ಸರಿಯಾಗಿ ಅಷ್ಟೇ. ವೇಗದಲ್ಲಿ ನೂರಕ್ಕೆ ಮೂರು ಪಾಲು ಏರುಪೇರಾದರೆ ಒಂದು ಅಂಕ ಹೋಯಿತು, ಕೈ ಕಲ್ಲಿನಂತೆ ನಿಂತಿದ್ದರೂ.

ವೇಗ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ‘ಹೈ ವೆಲಾಸಿಟಿ’ ಎಂದು ಬರೆದ ತೋಟೆಯ ಗುಂಡು ಇದನ್ನು ಮೀರಿ ಹೊರಟು, ದಾರಿಯಲ್ಲಿ ನಿಧಾನವಾಗುತ್ತಾ ಆ ಗಡಿಯ ಹತ್ತಿರ ಬರುವಾಗ ಗಾಳಿಯ ಹೊಯ್ದಾಟಕ್ಕೆ ಸಿಕ್ಕಿ ಕದಲುತ್ತದೆ. ಗುರಿ ಅಭ್ಯಾಸಕ್ಕೆ ಮೊದಲಿನಿಂದಲೂ ಶಬ್ದಕ್ಕಿಂತ ನಿಧಾನವಾಗಿ ಓಡುವ ‘ಸ್ಟ್ಯಾಂಡರ್ಡ್ ವೆಲಾಸಿಟಿ’ ತೋಟೆಯೇ ಬೇಕು.

ಹೆಸರಿಗಿಂತ ಲಾಟ್ ನಂಬರು ಮುಖ್ಯ

ಇಂಗ್ಲೆಂಡಿನ ಈಲಿ ಕಂಪನಿಯ ಟೆನೆಕ್ಸ್, ಲಾಪುವಾ ಕಂಪನಿಯ ಮಿಡಾಸ್ ಪ್ಲಸ್, ಜರ್ಮನಿಯ ಆರ್‌ಡಬ್ಲ್ಯೂಎಸ್ ಆರ್ 50 ಇವೆಲ್ಲ ಪಂದ್ಯದ ತೋಟೆಗಳು. ಬೆಲೆಯೂ ಅಷ್ಟೇ ಬಿಗಿ. ಕೆಳಗಿನ ಮೆಟ್ಟಿಲಲ್ಲಿ ಈಲಿ ಕ್ಲಬ್, ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಅಮೆರಿಕದ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ಮುಂತಾದವಿವೆ. ಅಭ್ಯಾಸದ ತೋಟೆಯನ್ನು ಹುಡುಕಬೇಕಾದ್ದು ಈ ಮೆಟ್ಟಿಲಲ್ಲಿ. ಎಸ್‌ಕೆ ತೋಟೆ ತಯಾರಾಗುವುದು ಜರ್ಮನಿಯ ಎಲ್ಬ ನದಿಯ ದಡದ ಷ್ಯೋನೆಬೆಕ್ ಊರಿನಲ್ಲಿ. ಲಾಪುವಾದ ದುಬಾರಿ ರಿಮ್‌ಫೈರ್ ತೋಟೆ ಬರುವುದೂ ಅದೇ ಊರಿನಿಂದ.

ಆದರೆ ಪೆಟ್ಟಿಗೆಯ ಮೇಲಿನ ಹೆಸರು ಅರ್ಧ ವಿಷಯವನ್ನಷ್ಟೇ ಹೇಳುತ್ತದೆ. ಉಳಿದರ್ಧ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಲಾಟ್ ನಂಬರಿನಲ್ಲಿದೆ. ಒಂದೇ ಹೆಸರಿನ ಎರಡು ಲಾಟ್‌ಗಳು ಒಂದೇ ರೈಫಲ್ಲಿನಲ್ಲಿ ಬೇರೆಬೇರೆಯಾಗಿ ನಡೆದುಕೊಳ್ಳುತ್ತವೆ. ಒಂದು ನಳಿಗೆಗೆ ಒಗ್ಗಿದ್ದು ಪಕ್ಕದ ನಳಿಗೆಗೆ ಒಗ್ಗದೆ ಹೋಗಬಹುದು. ಗೆಳೆಯರ ರೈಫಲ್ಲಿಗೆ ಹೊಂದಿದ್ದನ್ನು ನೋಡಿ ನೀವೂ ಪೆಟ್ಟಿಗೆಗಟ್ಟಲೆ ಕೊಂಡರೆ ಕೈ ಸುಟ್ಟುಕೊಳ್ಳುವ ಸಂಭವವೇ ಹೆಚ್ಚು.

ಒಂದು ಡಬ್ಬಿಯ ಪರೀಕ್ಷೆ

ಒಂದು ಡಬ್ಬಿಯಲ್ಲಿ 50 ತೋಟೆ. ಒಂದು ಲಾಟ್ ಪರೀಕ್ಷೆಗೆ ಅಷ್ಟು ಸಾಕು. ಗುಂಡಿನ ಮೈಗೆ ಮೇಣ ಅಥವಾ ಗ್ರೀಸು ಸವರಿರುತ್ತಾರೆ, ಅದು ಕಂಪನಿಗೊಂದು ಬಗೆ. ಹಿಂದಿನ ತೋಟೆಯ ಮೇಣ ಹೋಗಿ ಹೊಸದು ನಳಿಗೆಯೊಳಗೆ ಹಿಡಿಯಲೆಂದು ಮೊದಲ 10 ಈಡನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆಯಿರಿ. ಉಳಿದ 40ನ್ನು ಮರಳಿನ ಚೀಲದ ಆಸರೆಯಲ್ಲಿ ರೈಫಲ್ ಇಟ್ಟು, 10ರಂತೆ ನಾಲ್ಕು ಗುಂಪಾಗಿ ಹೊಡೆಯಿರಿ. ಮೂರು ಈಡಿನ ಚಂದದ ಗುಂಪನ್ನು ನಂಬಬೇಡಿ. ಆಕಸ್ಮಿಕವಾಗಿ ಯಾವ ತೋಟೆಯಾದರೂ ಮೂರು ಸಲ ಒಂದೇ ಕಡೆ ಬೀಳಬಹುದು.

ಹತ್ತರ ವೃತ್ತದ ಅಡ್ಡಗಲ 10.4 ಮಿ.ಮೀ. ಗುಂಡಿನ ಅಂಚು ಅದನ್ನು ಸೋಕಿದರೂ ಹತ್ತೇ. ಹಾಗಾಗಿ ಹತ್ತೂ ತೂತುಗಳ ನಡುಬಿಂದುಗಳು 16 ಮಿ.ಮೀ. ಅಗಲದ ವೃತ್ತದೊಳಗೆ ಅಡಗಿದರೆ, ಆ ತೋಟೆ ಅಷ್ಟೂ ಈಡಿಗೆ ಹತ್ತು ಕೊಡಬಲ್ಲದು. ನಾಲ್ಕು ಗುಂಪೂ ಇದರ ಆಸುಪಾಸಿನಲ್ಲಿದ್ದರೆ ಲಾಟ್ ನಂಬರು ಬರೆದಿಟ್ಟು, ಅದು ಮುಗಿದುಹೋಗುವ ಮೊದಲೇ ವರ್ಷಕ್ಕಾಗುವಷ್ಟು ಕೊಳ್ಳಿ.

ನಮ್ಮಲ್ಲಿ ಈ ತೋಟೆಗಳು 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಮತ್ತು ಮಿತಿ ಎರಡನ್ನೂ ಪಾಲಿಸಲೇಬೇಕು. ಒಬ್ಬರೇ ನಾಲ್ಕಾರು ಲಾಟ್ ಪರೀಕ್ಷಿಸುವುದು ಭಾರವಾದರೆ, ಕ್ಲಬ್ಬಿನ ಉಸ್ತುವಾರಿಯಲ್ಲಿ ಎಲ್ಲರೂ ಕೂಡಿ ಮಾಡಬಹುದು. ಒಬ್ಬರ ನಳಿಗೆ ಒಲ್ಲೆನೆಂದ ಲಾಟ್ ಇನ್ನೊಬ್ಬರ ನಳಿಗೆಗೆ ಒಲಿಯಬಹುದು. ಯಾರಿಗೆ ಯಾವುದೆಂದು ತಿಳಿದ ಮೇಲೆ ಅವರವರ ಪರವಾನಗಿಯಲ್ಲಿ ಅವರವರು ಕೊಂಡರಾಯಿತು.

ಎಲ್ಲಿ ಉಳಿಸಬೇಕು, ಎಲ್ಲಿ ಬೇಡ

ಕೈಯ ಅಲುಗಾಟ ಮತ್ತು ತೋಟೆಯ ಚದುರುವಿಕೆ ಲಂಬಕೋನ ತ್ರಿಭುಜದ ಎರಡು ಬಾಹುಗಳಿದ್ದಂತೆ. ಹಾಳೆಯ ಮೇಲೆ ಕಾಣುವುದು ಕರ್ಣ. ನಿಂತು ಹೊಡೆಯುವಾಗ ನಿಮ್ಮ ಅಲುಗಾಟವೇ 30 ಮಿ.ಮೀ. ಇದ್ದರೆ, 15 ಮಿ.ಮೀ. ಚದುರುವ ತೋಟೆಯಲ್ಲಿ ಒಟ್ಟು 33.5 ಮಿ.ಮೀ. ಆಗುತ್ತದೆ. 10 ಮಿ.ಮೀ.ನ ದುಬಾರಿ ತೋಟೆಯಲ್ಲಿ 31.6, ಲಾಭ ಎರಡು ಮಿಲಿಮೀಟರೂ ಇಲ್ಲ. ಮಲಗಿ ಹೊಡೆಯುವಾಗ ಅಲುಗಾಟ 12ಕ್ಕೆ ಇಳಿದರೆ, ಅದೇ ಎರಡು ತೋಟೆಗಳಲ್ಲಿ 19.2 ಮತ್ತು 15.6. ಎರಡನೆಯದು ಹತ್ತರೊಳಗೆ ಅಡಗಿತು, ಮೊದಲನೆಯದು ಅಡಗಲಿಲ್ಲ. ಆದ್ದರಿಂದ ನಿಂತು ಮಾಡುವ ಅಭ್ಯಾಸಕ್ಕೆ ಅಗ್ಗದ್ದನ್ನು ಬಳಸಿ, ಒಳ್ಳೆಯ ಲಾಟನ್ನು ಮಲಗಿ ಹೊಡೆಯುವುದಕ್ಕೆ ಕಾದಿಡಿ. ತೋಟೆಯಿಲ್ಲದೆ ಕುದುರೆ ಒತ್ತುವ ಡ್ರೈ ಫೈರಿಂಗ್‌ಗಂತೂ ಕಾಸಿಲ್ಲ. ರೈಫಲ್ ಖಾಲಿಯೆಂದು ಎರಡು ಸಲ ನೋಡಿ, ಸೂಜಿಗೆ ಪೆಟ್ಟಾಗದಂತೆ ಬಳಸಿದ ಕೊಳವೆಯನ್ನು ಹಾಕಿಕೊಳ್ಳಿ.

ಕೊನೆಯದಾಗಿ, ಬೆಂಚಿನ ಮೇಲೊಂದು ನೋಟ್‌ಬುಕ್ ಇರಲಿ. ಈಡು ಹಾರಿದ ಕೂಡಲೇ, ಹಾಳೆ ನೋಡುವ ಮೊದಲೇ, ಗುಂಡು ಎಲ್ಲಿಗೆ ಹೋಯಿತೆಂದು ನಿಮಗನಿಸಿದ್ದನ್ನು ಬರೆಯಿರಿ. ಆಮೇಲೆ ತೂತನ್ನು ನೋಡಿ. ನೀವು ಬಲಕ್ಕೆ ಎಂದು ಬರೆದಾಗ ತೂತೂ ಬಲಕ್ಕೇ ಇದ್ದರೆ, ನಡುವಿಗೆ ಎಂದಾಗ ನಡುವಿಗೇ ಇದ್ದರೆ, ಆ ಅಗ್ಗದ ಡಬ್ಬಿಯನ್ನು ನೀವು ನಂಬಬಹುದು.